ಬಾಗಿಲಲ್ಲೇ ನಿಂತ ನೀರು

ಮೇ ತಿಂಗಳ ದೆಹಲಿಯಲ್ಲಿ ಮನುಷ್ಯರ ಹಾಗೆ ಟರ್ಬೊ ಇಂಜಿನ್ನೂ ಏದುಸಿರು ಬಿಡುತ್ತದೆ. ಹೊರಗೆ 44 ಡಿಗ್ರಿ ಇದ್ದರೆ ಗಾಳಿ ತೆಳ್ಳಗಾಗಿರುತ್ತದೆ. ಅದನ್ನು ಟರ್ಬೊ ಒತ್ತಿದಾಗ ಮತ್ತಷ್ಟು ಕಾಯುತ್ತದೆ. ನಡುವೆ ಇರುವ ಇಂಟರ್‌ಕೂಲರ್ ಅದನ್ನು ಹೊರಗಿನ ಬಿಸಿಗಿಂತ ತಣ್ಣಗೆ ಮಾಡಲಾರದು. ಹಾಗೆ ಕಾದ ಗಾಳಿಯಲ್ಲಿ ಪೆಟ್ರೋಲು ಕ್ರಮವಾಗಿ ಉರಿಯುವ ಬದಲು ಮೂಲೆಯಲ್ಲೆಲ್ಲೋ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಹೆಚ್ಚಾದರೆ ಪಿಸ್ಟನ್ ಒಡೆಯುತ್ತದೆ.

ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಈ ಸಂಗತಿ ಪುಸ್ತಕದ್ದಾಗಿರಲಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ವರ್ಷಕ್ಕೆ ಒಂದೆರಡು ಸಲ ಕಾರು ಓಡಿಸುವುದು ಅವನ ಒಂದೇ ದುಬಾರಿ ಚಟ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಟ್ರ್ಯಾಕ್ ಅದು. ಅವನ ಟರ್ಬೊ ಕಾರಿನ ಸಾಲದ ಕಂತು ಇನ್ನೂ ಮೂರು ವರ್ಷ ಬಾಕಿ ಇತ್ತು. ಉಳಿದ ದಿನ ಮಗಳನ್ನು ಶಾಲೆಗೆ ಬಿಡುವುದೂ ಅದೇ ಕಾರಿನಲ್ಲಿ.

ಇಂಜಿನ್ನಿನ ಪ್ರೋಗ್ರಾಂ ಬದಲಿಸಿ, ಜೊತೆಗೆ ಮೆಥನಾಲ್ ಕಿಟ್ ಹಾಕಿಸಿದ. ಅರ್ಧ ನೀರು, ಅರ್ಧ ಮೆಥನಾಲ್. ಡಿಕ್ಕಿಯಲ್ಲಿ ಟ್ಯಾಂಕು ಮತ್ತು ಪಂಪು, ಬಾನೆಟ್ ಕೆಳಗೆ ಮಂಜಿನ ಹಾಗೆ ಸಿಂಪಡಿಸುವ ನಾಜಲ್. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,250 ಕಿಲೋಜೂಲ್ ಶಾಖ ಹೀರುತ್ತದೆ, ಮೆಥನಾಲ್ ಸುಮಾರು 1,100, ಪೆಟ್ರೋಲ್ 350ರ ಆಸುಪಾಸು. ಗಾಳಿ ತಣ್ಣಗಾಗುತ್ತದೆ, ಮೆಥನಾಲ್ ಸುಲಭವಾಗಿ ಸಿಡಿಯದ ಇಂಧನವೂ ಹೌದು. ಇದನ್ನು ನಂಬಿ ಟ್ಯೂನರ್ ಕಿಡಿಯನ್ನು ಸ್ವಲ್ಪ ಮುಂಚೆ ಹೊಡೆಸುತ್ತಾನೆ, ಟರ್ಬೊ ಒತ್ತಡ ಏರಿಸುತ್ತಾನೆ.

ಹುಬ್ಬಳ್ಳಿಯಲ್ಲಿದ್ದ ತಂದೆ ಮೆಥನಾಲ್ ಎಂಬ ಹೆಸರು ಕೇಳಿಯೇ ಬೆಚ್ಚಿದರು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ಸುದ್ದಿ ಅವರ ತಲೆಮಾರಿಗೆ ಮರೆಯುವಂಥದ್ದಲ್ಲ. ಅವರ ಹೆದರಿಕೆ ಸುಳ್ಳೂ ಅಲ್ಲ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಕಳೆಯುವ ದ್ರವ ಅದು. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಆದರೆ ಮಗನನ್ನು ಕಾಡಿದ್ದು ಬೇರೆ ಸಮಸ್ಯೆ. ಲ್ಯಾಪ್‌ಟಾಪ್‌ನಲ್ಲಿ ಇಂಜಿನ್ನಿನ ದಾಖಲೆ ತೆರೆದರೆ, ಆಕ್ಸಲರೇಟರ್ ಪೂರ್ತಿ ಒತ್ತಿದ ಮೊದಲ ಒಂದು ಸೆಕೆಂಡಿನಲ್ಲಿ ನಾಕಿಂಗ್ ಕಾಣುತ್ತಿತ್ತು, ಆಮೇಲೆ ಎಲ್ಲ ಸರಿ. ದ್ರವ ತಡವಾಗಿ ಬರುತ್ತಿತ್ತು. ಗ್ಯಾರೇಜಿನವರು ಪಂಪು ದೊಡ್ಡದು ಮಾಡಿದರು. ತಡ ಸ್ವಲ್ಪ ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

ಒಂದು ಸೆಕೆಂಡು ಎಷ್ಟರದು ಎನ್ನಿಸಬಹುದು. ನಿಮಿಷಕ್ಕೆ 6,000 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ 50 ಸಲ ಉರಿಯುತ್ತದೆ. ನಾಲ್ಕು ಸಿಲಿಂಡರಿಗೆ 200 ಸಲ. ಅಷ್ಟೂ ಸಲ ಇಂಜಿನ್ ಇನ್ನೂ ಬಂದಿರದ ನೀರನ್ನು ನಂಬಿ ಉರಿಯುತ್ತಿರುತ್ತದೆ.

ಉತ್ತರ ಸಿಕ್ಕಿದ್ದು ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ, ಊಟದ ಸಾಲಿನಲ್ಲಿ. ಪಕ್ಕದಲ್ಲಿದ್ದವರು ವಾಯುಪಡೆಯಲ್ಲಿ ತಂತ್ರಜ್ಞರಾಗಿದ್ದು, ಆವ್ರೊ ವಿಮಾನಗಳ ಕೆಲಸ ಮಾಡಿ ನಿವೃತ್ತರಾದ ಧಾರವಾಡದ ಹಿರಿಯರು. ಭಾರತದಲ್ಲಿ ಜೋಡಿಸಿದ ಮೊದಲ ಆವ್ರೊ ಕಾನ್ಪುರದಿಂದ ಹಾರಿದ್ದು 1961ರ ನವೆಂಬರಿನಲ್ಲಿ. ಅದರ ರೋಲ್ಸ್ ರಾಯ್ಸ್ ಡಾರ್ಟ್ ಇಂಜಿನ್ನಿಗೂ ಬಿಸಿ ದಿನಗಳಲ್ಲಿ ಮೇಲೇರಲು ನೀರು-ಮೆಥನಾಲ್ ಬೇಕಿತ್ತು. ಹುಡುಗ ಹೊಸದೆಂದುಕೊಂಡದ್ದು ಅವರಿಗೆ ಯೌವನದ ದಿನಗಳ ಕೆಲಸ.

"ಪಂಪ್ ದೊಡ್ಡದು ಮಾಡಿ ಏನ್ ಮಾಡ್ತೀಯೋ ತಮ್ಮಾ? ಪೈಪ್ ಖಾಲಿ ಇದ್ರ ದೊಡ್ಡ ಪಂಪೂ ಮೊದಲ ಗಾಳೀನ ತಳ್ತದ."

"ಹಂಗಾದ್ರ ಏನ್ ಮಾಡ್ಬೇಕ್ರಿ ಕಾಕಾ?"

"ನೀರು ಬಾಗಲಾಗ ಬಂದು ನಿಂತಿರಬೇಕು. ಬಾಗಲಾ ತಗದ ಕೂಡ್ಲೆ ಒಳಗ ಹೋಗಬೇಕು."

ಮನೆಗೆ ಬಂದು ಲೆಕ್ಕ ಹಾಕಿದ. ಪೈಪಿನ ಒಳವ್ಯಾಸ 4 ಮಿಲಿಮೀಟರ್, ಡಿಕ್ಕಿಯಿಂದ ಬಾನೆಟ್‌ವರೆಗೆ 4 ಮೀಟರ್. ಅದು ತುಂಬಲು 50 ಮಿಲಿಲೀಟರ್ ಬೇಕು, ಅಂದರೆ ಒಂದು ಸಣ್ಣ ಕಟಿಂಗ್ ಚಹಾದಷ್ಟು. ನಿಮಿಷಕ್ಕೆ 3 ಲೀಟರ್ ತಳ್ಳುವ ಪಂಪಿಗೆ ಇದು ಸರಿಯಾಗಿ ಒಂದು ಸೆಕೆಂಡಿನ ಕೆಲಸ. ಹಾಗಾದರೆ ಪೈಪು ಪ್ರತಿ ಸಲ ಖಾಲಿಯಾಗುತ್ತಿದ್ದುದು ಏಕೆ? ಆಕ್ಸಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತದೆ, ಅದರಾಚೆಯ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಉಂಟಾಗುತ್ತದೆ. ನಾಜಲ್ ಕೂತಿದ್ದುದು ಅಲ್ಲೇ. ಸ್ಟ್ರಾ ಹಾಕಿ ಎಳನೀರು ಹೀರಿದಂತೆ ಇಂಜಿನ್ನೇ ಪೈಪನ್ನು ಬರಿದು ಮಾಡುತ್ತಿತ್ತು.

ಪರಿಹಾರಗಳು ಒಂದೊಂದೂ ಸಣ್ಣವು. ನಾಜಲ್‌ಗೆ ಗೇಣು ದೂರದಲ್ಲಿ ಸೊಲೆನಾಯ್ಡ್ ವಾಲ್ವ್, ಕಾಕಾ ಹೇಳಿದ ಬಾಗಿಲು ಅದೇ. ಪಂಪಿನ ಬಳಿ ಹಿಂದಕ್ಕೆ ಹರಿಯಗೊಡದ ಚೆಕ್ ವಾಲ್ವ್. ಒತ್ತಡಕ್ಕೆ ಉಬ್ಬುವ ಮೆತ್ತನೆ ಪೈಪಿನ ಬದಲು ಗಟ್ಟಿ ನೈಲಾನ್ ಪೈಪು, ಏಕೆಂದರೆ ಉಬ್ಬುವುದರಲ್ಲೂ ಹೊತ್ತು ಹೋಗುತ್ತದೆ. ಬ್ರೇಕಿನ ಹಾಗೆ ಇದರಲ್ಲೂ ಒಳಗಿನ ಗಾಳಿ ತೆಗೆಯಬೇಕು. ಒಂದು ಗುಳ್ಳೆ ಉಳಿದರೂ ಅದು ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ನಾಜಲ್ ಥ್ರಾಟಲ್‌ಗಿಂತ ಮೊದಲೇ ಕೂತರೆ ನಿರ್ವಾತದ ಕಾಟವೂ ಇಲ್ಲ.

ಕೊನೆಯದು ಆದೇಶದ ತಡ. ಟರ್ಬೊ ಒತ್ತಡ ಒಂದು ಮಟ್ಟ ಮುಟ್ಟಿದ ಮೇಲೆ ಪಂಪು ಎಚ್ಚರಗೊಂಡರೆ, ಅದು ಒತ್ತಡ ಕಟ್ಟುವಷ್ಟರಲ್ಲಿ ಬೇಕಾದ ಹೊತ್ತು ಮುಗಿದಿರುತ್ತದೆ. ಈಗ ಆಕ್ಸಲರೇಟರ್ ಒತ್ತಿದ ಸುಳಿವು ಸಿಕ್ಕ ಕೂಡಲೇ ಪಂಪು ಶುರುವಾಗುತ್ತದೆ, ಒತ್ತಡ ಏರಿದ ಮೇಲೆ ವಾಲ್ವ್ ತೆರೆಯುತ್ತದೆ. ವಾಲ್ವನ್ನೇ ತೀರ ಬೇಗ ತೆರೆಯುವಂತೆಯೂ ಇಲ್ಲ. ಒತ್ತಡವಿಲ್ಲದಾಗ ನೀರು ಹೆಚ್ಚಾದರೆ ಉರಿ ನಂದಿ ಇಂಜಿನ್ ತೊದಲುತ್ತದೆ.

ಮುಂದಿನ ದಾಖಲೆಯಲ್ಲಿ ಆ ಮೊದಲ ಸೆಕೆಂಡು ಸ್ವಚ್ಛವಾಗಿತ್ತು. ಹುಡುಗ ಕಾಕಾಗೆ ಫೋನ್ ಮಾಡಿ ಹೇಳಿದ. ಅವರು ಖುಷಿಪಟ್ಟರು, ಆಮೇಲೆ ಕೇಳಿದರು: "ನೀರು ಬರಲೇ ಇಲ್ಲಂದ್ರ? ಅದನ್ನ ವಿಚಾರ ಮಾಡಿಯೇನು?"

ಈ ಪ್ರಶ್ನೆಯನ್ನು ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲೇ ಕೇಳಿಕೊಂಡಿತ್ತು. ಅದರ ಜೆಟ್‌ಫೈರ್ ಎಂಬ ಟರ್ಬೊ ಕಾರು ನೀರು-ಮೆಥನಾಲ್ ದ್ರವದೊಂದಿಗೇ ಮಾರಾಟವಾಯಿತು. ಟ್ಯಾಂಕು ಖಾಲಿಯಾದರೆ ಟರ್ಬೊ ಒತ್ತಡ ತಾನಾಗಿ ತಗ್ಗುವ ವ್ಯವಸ್ಥೆ ಅದರಲ್ಲಿತ್ತು. ಎಷ್ಟೋ ಮಾಲೀಕರು ದ್ರವ ತುಂಬಿಸಲು ಮರೆತರು, ಕಾರಿಗೆ ಶಕ್ತಿಯಿಲ್ಲ ಎಂದು ಬೈದರು. ಕಾರು ಓಡಿದ್ದು ಮೂರೇ ವರ್ಷವಲ್ಲ, ಎರಡೇ ಮಾದರಿ ವರ್ಷ. ಆದರೂ ಆ ವ್ಯವಸ್ಥೆ ಮಾತ್ರ ಸರಿಯಾಗಿತ್ತು: ಮರೆತವನು ಶಕ್ತಿ ಕಳೆದುಕೊಳ್ಳುತ್ತಿದ್ದ, ಇಂಜಿನ್ ಉಳಿಯುತ್ತಿತ್ತು.

ಹುಡುಗನೂ ನಾಜಲ್‌ಗೆ ಹೋಗುವ ಪೈಪಿನಲ್ಲಿ ಹರಿವು ಅಳೆಯುವ ಸೆನ್ಸರ್ ಹಾಕಿಸಿದ. ದ್ರವ ಹರಿಯುವುದು ಖಚಿತವಾದ ಮೇಲಷ್ಟೇ ಒತ್ತಡ ಏರುತ್ತದೆ, ಕಿಡಿ ಮುಂದಕ್ಕೆ ಸರಿಯುತ್ತದೆ. ಹರಿವು ನಿಂತರೆ ಎರಡೂ ಇಳಿಯುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳಿಗೆ ಅಡ್ಡ ನಿಲ್ಲುತ್ತದೆ ಎಂಬುದನ್ನೂ, ಹಿಂದಿನ ಸೀಟಿನ ಬೆನ್ನಿಗೇ ಮೆಥನಾಲ್ ಇದೆ ಎಂಬುದನ್ನೂ ಅವನು ಆಮೇಲೆ ತಳ್ಳಿಹಾಕಲಿಲ್ಲ. ಡಿಕ್ಕಿಯ ಟ್ಯಾಂಕು, ಪಂಪು ಎಲ್ಲ ಕಳಚಿದ. ಕಂಪನಿಯ ಮೂಲ ಪ್ರೋಗ್ರಾಂ ಮರಳಿ ಹಾಕಿಸಿದ. ಕಿಟ್ಟನ್ನು ಟ್ರ್ಯಾಕಿಗೆಂದೇ ಇಟ್ಟ ಗೆಳೆಯನ ಹಳೆಯ ಕಾರಿಗೆ ಕೊಟ್ಟು, ಈಗ ಇಬ್ಬರೂ ಸರದಿಯಲ್ಲಿ ಅದನ್ನೇ ಓಡಿಸುತ್ತಾರೆ.

ಒಂದು ಸೆಕೆಂಡಿನ ತಡವನ್ನು ವಾಲ್ವು, ಪೈಪುಗಳಿಂದ ಸರಿಪಡಿಸಬಹುದು. ಆದರೆ ತಡವಾದರೂ, ಬರದೇ ಹೋದರೂ ಇಂಜಿನ್ ಬದುಕಿರಬೇಕು ಎಂಬುದನ್ನು ಮೊದಲೇ ನಿರ್ಧರಿಸಿ, ಆಮೇಲೆ ಪಂಪಿಗೆ ಕೈ ಹಾಕಬೇಕು.