ಒಂದು ಮಿಲಿಗ್ರಾಂನ ಕಾವಲು

ಅತಿಯಾದರೆ ಅಮೃತವೂ ವಿಷ ಎಂಬ ಮಾತಿಗೆ ರಸಾಯನಶಾಸ್ತ್ರದಿಂದ ಉದಾಹರಣೆ ಬೇಕೆಂದರೆ ಫ್ಲೋರೈಡಿಗಿಂತ ಉತ್ತಮವಾದುದು ಸಿಗಲಾರದು. ನಮ್ಮ ಕೋಲಾರ, ಪಾವಗಡ, ಬಾಗೇಪಲ್ಲಿ ಸೀಮೆಯ ಕೊಳವೆಬಾವಿಗಳಲ್ಲಿ ಅದು ಬೇಡವೆಂದರೂ ಬರುತ್ತದೆ; ಮಕ್ಕಳ ಹಲ್ಲಿನಲ್ಲಿ ಕಂದು ಕಲೆಯಾಗಿ, ಹಿರಿಯರ ಕೀಲುಗಳಲ್ಲಿ ಬಿಗಿತವಾಗಿ ಉಳಿಯುತ್ತದೆ. ಅದೇ ಫ್ಲೋರೈಡನ್ನು ಬೇಕೆಂದೇ ನೀರಿಗೆ ಬೆರೆಸುವ ದೇಶಗಳಿವೆ ಎಂದರೆ ನಮ್ಮವರಿಗೆ ಆಶ್ಚರ್ಯವಾಗುವುದು ಸಹಜ.

1945ರ ಜನವರಿ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರವು ಈ ಪದ್ಧತಿಗೆ ನಾಂದಿ ಹಾಡಿತು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹಲ್ಲಿನ ಹುಳುಕು ಕಡಿಮೆಯಾಗುತ್ತದೆ ಎಂಬುದು ಅದರ ಆಧಾರ. 2015ರಲ್ಲಿ ಅಲ್ಲಿನ ಸರ್ಕಾರವು ಶಿಫಾರಸಿನ ಪ್ರಮಾಣವನ್ನು 0.7 ಮಿಲಿಗ್ರಾಂ ಎಂದು ನಿಗದಿಪಡಿಸಿತು. ಬೆರೆಸಬೇಕೇ ಬೇಡವೇ ಎಂಬ ವಾದ ಮಾತ್ರ ನಿಂತಿಲ್ಲ. 2025ರಲ್ಲಿ ಯೂಟಾ ರಾಜ್ಯವು ಅದನ್ನು ಕಾನೂನಿನಿಂದಲೇ ನಿಷೇಧಿಸಿತು.

ಆ ವಾದ ಹಾಗಿರಲಿ, ಬೆರೆಸುವ ಕೆಲಸವನ್ನು ಗಮನಿಸೋಣ. ಸಣ್ಣ ಊರುಗಳಲ್ಲಿ ಸೋಡಿಯಂ ಫ್ಲೋರೈಡಿನ ಹರಳುಗಳ ಮೂಲಕ ನೀರು ಹಾಯಿಸಿ ಪರ್ಯಾಪ್ತ ದ್ರಾವಣ ತಯಾರಿಸುತ್ತಾರೆ. ಚಳಿಯಿರಲಿ, ಸೆಕೆಯಿರಲಿ, ಅದರ ಸಾಂದ್ರತೆ ಶೇಕಡಾ 4ರ ಆಸುಪಾಸಿನಲ್ಲೇ ನಿಲ್ಲುವುದು ದೊಡ್ಡ ಅನುಕೂಲ. ಅಂದರೆ ಲೀಟರಿಗೆ ಸುಮಾರು 18,000 ಮಿಲಿಗ್ರಾಂ ಫ್ಲೋರೈಡ್. ಇದನ್ನು 0.7ರಿಂದ ಭಾಗಿಸಿ ನೋಡಿ: ಆ ಒಂದು ಲೀಟರ್ ದ್ರಾವಣ 25,000 ಲೀಟರಿಗೂ ಹೆಚ್ಚು ನೀರಿಗೆ ಸಾಕು! ಆದ್ದರಿಂದಲೇ ಕಾವಲು ಬಿಗಿಯಾಗಿರಬೇಕು. ಬಾವಿಯ ಪಂಪು ನಿಂತರೆ ಫ್ಲೋರೈಡಿನ ಪಂಪೂ ತಾನಾಗಿ ನಿಲ್ಲುವಂತೆ ಎರಡಕ್ಕೂ ವಿದ್ಯುತ್ ಜೋಡಣೆಯಿರಬೇಕು. ದ್ರಾವಣ ತಾನಾಗಿ ಕೊಳವೆಗೆ ಸೆಳೆದುಕೊಂಡು ಹೋಗದಂತೆ ಕವಾಟವಿರಬೇಕು. ದಿನಕ್ಕೆ ಎಷ್ಟು ದ್ರಾವಣ ಖರ್ಚಾಯಿತು, ಎಷ್ಟು ನೀರು ಹರಿಯಿತು ಎಂದು ಲೆಕ್ಕ ಹಾಕಿ, ಆ ಉತ್ತರವನ್ನು ನಲ್ಲಿಯ ನೀರಿನ ಪರೀಕ್ಷೆಯೊಡನೆ ತಾಳೆ ನೋಡಬೇಕು. ಎರಡೂ ಹೊಂದದಿದ್ದರೆ ಎಲ್ಲೋ ದೋಷವಿದೆ ಎಂದೇ ಅರ್ಥ.

ಈ ಕಾವಲು ತಪ್ಪಿದರೆ ಏನಾಗುತ್ತದೆ? 1992ರ ಮೇ ತಿಂಗಳಿನಲ್ಲಿ ಅಲಾಸ್ಕಾದ ಹೂಪರ್ ಬೇ ಎಂಬ ಹಳ್ಳಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 150 ಮಿಲಿಗ್ರಾಂಗೆ ಏರಿತು. ಸುಮಾರು 300 ಜನ ಅಸ್ವಸ್ಥರಾದರು. ಒಬ್ಬರು ಮರಣ ಹೊಂದಿದರು. ನಿಯಂತ್ರಣ ವ್ಯವಸ್ಥೆ ನಂಬಲರ್ಹವಾಗಿರಲಿಲ್ಲ. ಗಾಢ ದ್ರಾವಣ ಬಾವಿಗೇ ಇಳಿಯಲು ದಾರಿಯಿತ್ತು. ಪ್ರಮಾಣ ಏರಿದ್ದನ್ನು ಗಮನಿಸಿ ಕ್ರಮ ಕೈಗೊಳ್ಳುವ ಕೆಲಸವೂ ಆಗಲಿಲ್ಲ.

ನಮ್ಮಲ್ಲಿ ಕೆಲಸ ತಿರುವುಮುರುವು, ಬೆರೆಸುವುದಲ್ಲ, ತೆಗೆಯುವುದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೂ 1.5ನ್ನು ದಾಟುವಂತಿಲ್ಲ. ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣಗಳನ್ನು ಅಳತೆಯಿಂದ ಹಾಕಬೇಕು. ಶುದ್ಧೀಕರಣ ಘಟಕಗಳಲ್ಲಿ ಪೊರೆ ಸವೆಯುವುದನ್ನು ಗಮನಿಸಬೇಕು. ಫ್ಲೋರೈಡಿಗೆ ಬಣ್ಣವಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ತಿಳಿಯದು. ಘಟಕವನ್ನು ಉದ್ಘಾಟಿಸಿದವರ ಹೆಸರು ಗೋಡೆಯ ಮೇಲಿರುತ್ತದೆ. ಅದರ ಪಕ್ಕದಲ್ಲಿ ಕಳೆದ ಬಾರಿ ನೀರು ಪರೀಕ್ಷಿಸಿದ ದಿನಾಂಕ ಮತ್ತು ಫ್ಲೋರೈಡಿನ ಪ್ರಮಾಣವನ್ನೂ ಬರೆಯಿರಿ ಎಂದು ಕೇಳುವುದು ಕೊಡ ಹಿಡಿದು ನಿಂತವರ ಹಕ್ಕು.