ನಾಣ್ಯ ಇಟ್ಟ ಕಲ್ಲು

ಮಗಳ ಸಂಸಾರ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದೆ. ನಾನೂ ನನ್ನ ಹೆಂಡತಿಯೂ ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಹತ್ತು ವರ್ಷದ ಮೊಮ್ಮಗಳು ಕಾಗದದ ಮೇಲೆ ಇ, ವೈ, ಎ, ಎಂ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಬರೆದು, "ಅಜ್ಜ, ಇದನ್ನು ಓದು ನೋಡೋಣ" ಎಂದಳು.

"ಇಯಾಮ್" ಎಂದೆ.

"ತಪ್ಪು! ಈಮ್. ಅದೊಂದು ಹಳ್ಳಿ. ನಮ್ಮ ಸ್ಕೂಲಿನಲ್ಲಿ ಪಾಠ ಆಗಿದೆ. ಇವತ್ತು ಅಲ್ಲಿಗೇ ಹೋಗೋದು."

ಅಳಿಯ ಕಾರು ತೆಗೆದರು. ಊರು ದಾಟಿದ ಮೇಲೆ ಗುಡ್ಡಗಳ ಸಾಲು. ಆಗಸ್ಟ್ ತಿಂಗಳಾದ್ದರಿಂದ ಗುಡ್ಡದ ಮೇಲೆಲ್ಲ ಹೆದರ್ ಎಂಬ ಕುರುಚಲು ಗಿಡ ನೇರಳೆ ಬಣ್ಣದ ಹೂ ಬಿಟ್ಟಿತ್ತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಬೇಲಿಗಳು, ಅವುಗಳ ನಡುವೆ ಕುರಿಗಳು. ಡಾರ್ಬಿಶೈರ್ ಸೀಮೆಯ ಈ ಭಾಗಕ್ಕೆ ಪೀಕ್ ಡಿಸ್ಟ್ರಿಕ್ಟ್ ಎನ್ನುತ್ತಾರೆ.

ಈಮ್ ಚಿಕ್ಕ ಊರು. ಉದ್ದಕ್ಕೆ ಒಂದು ಬೀದಿ, ಬೂದು ಕಲ್ಲಿನ ಮನೆಗಳು, ಬಾಗಿಲಲ್ಲಿ ಹೂವಿನ ಕುಂಡಗಳು. ನೋಡಿದರೆ ಕ್ಯಾಲೆಂಡರಿನ ಚಿತ್ರ. ಆದರೆ ಚರ್ಚಿನ ಪಕ್ಕದ ಕೆಲವು ಮನೆಗಳ ಮುಂದೆ ಹಸಿರು ಫಲಕಗಳಿವೆ. ಆ ಮನೆಯಲ್ಲಿ ಪ್ಲೇಗಿನಿಂದ ಸತ್ತವರ ಹೆಸರುಗಳನ್ನು ಅವುಗಳ ಮೇಲೆ ಬರೆದಿದ್ದಾರೆ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಹರಡಿತ್ತು. ಅಲ್ಲಿಂದ ಈ ಊರಿನ ದರ್ಜಿಯ ಮನೆಗೆ ಬಟ್ಟೆಯ ಪೆಟ್ಟಿಗೆಯೊಂದು ಬಂತು. ದರ್ಜಿಯ ಕೈಕೆಳಗಿದ್ದ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿದ. ಬಟ್ಟೆ ಒದ್ದೆಯಾಗಿತ್ತು, ಬೆಂಕಿಯ ಮುಂದೆ ಒಣಗಲು ಹರವಿದ. ಬಟ್ಟೆಯ ಜೊತೆ ಚಿಗಟಗಳೂ ಬಂದಿದ್ದವು ಎಂದು ಹೇಳುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ತೀರಿಕೊಂಡ. ಆಮೇಲೆ ಅಕ್ಕಪಕ್ಕದ ಮನೆಗಳಿಗೂ ರೋಗ ತಗಲಿತು. ಚಳಿಗಾಲದಲ್ಲಿ ತುಸು ತಗ್ಗಿದ್ದು ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಹೆಡೆಯೆತ್ತಿತು.

ನಮ್ಮಲ್ಲಿ ಪ್ಲೇಗ್ ಬಂದರೆ ಜನ ಮಾಡುತ್ತಿದ್ದುದೇನು? ಮನೆಗೆ ಬೀಗ ಹಾಕಿ, ಊರಾಚೆ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಇಲಿ ಸತ್ತು ಬಿದ್ದರೆ ಊರು ಬಿಡಬೇಕು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಸಾವಿರಾರು ಜನ ಊರು ಬಿಟ್ಟರು. ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಆ ಕಾಲವನ್ನು ನೆನಪಿಸುತ್ತವೆ.

ಈಮ್‌ನ ಜನ ಮಾಡಿದ್ದು ಇದಕ್ಕೆ ಉಲ್ಟಾ. ಚರ್ಚಿನ ಪಾದ್ರಿ ವಿಲಿಯಂ ಮೊಂಪೆಸನ್ ಇನ್ನೂ ಯುವಕ, ಊರಿಗೆ ಹೊಸಬ. ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಮಾತನ್ನು ಊರು ಕೇಳುತ್ತಿತ್ತು. ಧರ್ಮದ ವಿಚಾರದಲ್ಲಿ ಇಬ್ಬರಿಗೂ ಸರಿಬರುತ್ತಿರಲಿಲ್ಲ. ಆದರೂ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು: ಯಾರೂ ಊರಿನ ಎಲ್ಲೆ ದಾಟಬಾರದು. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಿನಲ್ಲಿ ದೂರ ದೂರ ನಿಂತು ಮಾಡೋಣ. ಸತ್ತವರನ್ನು ಅವರವರ ಮನೆಯವರೇ ಹತ್ತಿರದಲ್ಲಿ ಹೂಳಲಿ. ಇರುವುದಾದರೆ ಇಲ್ಲೇ, ಸಾಯುವುದಾದರೂ ಇಲ್ಲೇ, ಪಕ್ಕದ ಊರಿಗೆ ರೋಗ ಹೋಗಬಾರದು.

ಹಾಗಾದರೆ ಊಟಕ್ಕೆ? ಮೊಮ್ಮಗಳು ನನ್ನ ಕೈಹಿಡಿದು ಕಾಲುದಾರಿಯಲ್ಲಿ ಕರೆದೊಯ್ದಳು. ಸ್ಟೋನಿ ಮಿಡಲ್‌ಟನ್ ಎಂಬ ಪಕ್ಕದ ಊರಿನ ಕಡೆಗೆ ಹೊಲದ ನಡುವೆ ಒಂದು ಗುಂಡುಕಲ್ಲು ಇದೆ. ಅದೇ ಎಲ್ಲೆಯ ಕಲ್ಲು. ಅದರ ಮೇಲೆ ಆರು ಕುಳಿಗಳು. ಹೊರಗಿನವರು ದಿನಸಿ ತಂದಿಟ್ಟು ಹೋಗುತ್ತಿದ್ದರು. ಊರಿನವರು ಕುಳಿಯಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಹಾಕಿಡುತ್ತಿದ್ದರು. ವಿನೆಗರ್ ರೋಗವನ್ನು ತೊಳೆಯುತ್ತದೆ ಎಂದು ಅವರ ನಂಬಿಕೆ. ರೋಗಾಣುವನ್ನು ಕಂಡುಹಿಡಿದದ್ದು 1894ರಲ್ಲಿ. ಅಂದರೆ ಇನ್ನೂ ಇನ್ನೂರು ವರ್ಷ ಮುಂದಿತ್ತು.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ಹಣ ಎಣಿಸಿದವನು ನಾನು. ಕೊಡುವವನೂ ಕಾಣದೆ, ತೆಗೆದುಕೊಳ್ಳುವವನೂ ಕಾಣದೆ, ಎಣಿಸುವವರೂ ಇಲ್ಲದೆ ನಡೆದ ವ್ಯವಹಾರವನ್ನು ಬೇರೆಲ್ಲೂ ಕೇಳಿಲ್ಲ. ನೋಡಲು ಬಂದವರು ಈಗಲೂ ಆ ಕುಳಿಗಳಲ್ಲಿ ನಾಣ್ಯ ಇಡುತ್ತಾರೆ. ಮೊಮ್ಮಗಳು ಹತ್ತು ಪೆನ್ನಿ ಇಟ್ಟಳು. ನನ್ನ ಜೇಬಿನಲ್ಲಿ ನಮ್ಮ ಒಂದು ರೂಪಾಯಿ ಸಿಕ್ಕಿತು. ಅದನ್ನೂ ಇಟ್ಟೆ.

ಊರಿನ ಇನ್ನೊಂದು ಬದಿಯ ದಿಣ್ಣೆಯ ಮೇಲೆ ರೈಲಿ ಸಮಾಧಿಗಳಿವೆ. ಹೊಲದ ಮಧ್ಯೆ ಸಣ್ಣ ಕಲ್ಲಿನ ಗೋಡೆ, ಒಳಗೆ ಕೆಲವು ಕಲ್ಲುಗಳು, ಅಷ್ಟೆ. 1666ರ ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು, ಎಲ್ಲರನ್ನೂ ಒಬ್ಬಳೇ ಹೂಳಿದಳು. ಅದೇ ತಿಂಗಳು ಪಾದ್ರಿಯ ಹೆಂಡತಿ ಕ್ಯಾಥರಿನ್ ಕೂಡ ತೀರಿಕೊಂಡಳು. ಮಕ್ಕಳನ್ನು ಮೊದಲೇ ಹೊರಗೆ ಕಳಿಸಿ, ಗಂಡನ ಜೊತೆ ಉಳಿದವಳು ಆಕೆ. ಅವಳ ಸಮಾಧಿ ಚರ್ಚಿನ ಅಂಗಳದಲ್ಲಿದೆ. ನವೆಂಬರ್ ಹೊತ್ತಿಗೆ ರೋಗ ನಿಂತಾಗ ಆ ಪುಟ್ಟ ಊರಿನಲ್ಲಿ ಸುಮಾರು 260 ಜನ ಸತ್ತಿದ್ದರು.

"ಆ ಅಮ್ಮನಿಗೆ ಸಹಾಯ ಮಾಡಲು ಯಾರೂ ಯಾಕೆ ಬರಲಿಲ್ಲ ಅಜ್ಜ?" ಎಂದು ಮೊಮ್ಮಗಳು ಕೇಳಿದಳು.

ನಾನು ಗೋಡೆಯ ಪಕ್ಕ ಕೂತುಬಿಟ್ಟೆ. 2021ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ಅಣ್ಣ ಕೊರೊನಾದಿಂದ ಹೋದ. ನನ್ನ ಮನೆಗೂ ಅವನ ಮನೆಗೂ ಮೂರು ಕಿಲೋಮೀಟರ್. ನಾನು ಹೋಗಲಿಲ್ಲ. ಚಿತೆಯನ್ನು ಫೋನಿನ ಪರದೆಯ ಮೇಲೆ ನೋಡಿದೆ. ಆಮೇಲೆ ಅತ್ತಿಗೆಯ ಮನೆಗೆ ಎಷ್ಟೋ ಸಲ ಹೋಗಿದ್ದೇನೆ, ಆ ಮಾತು ಮಾತ್ರ ಎತ್ತಿಲ್ಲ.

"ಬರಬೇಕು ಅಂತ ಅನ್ನಿಸಿರುತ್ತದೆ ಪುಟ್ಟಿ, ಬರುವ ಹಾಗಿರಲಿಲ್ಲ" ಎಂದೆ.

ಅಲ್ಲಿಂದ ಚಾಟ್ಸ್‌ವರ್ತ್ ಅರಮನೆಗೆ ಹೋದೆವು. ಡರ್ವೆಂಟ್ ನದಿಯ ದಂಡೆ, ವಿಶಾಲವಾದ ಹುಲ್ಲುಗಾವಲು, ದೊಡ್ಡ ಕಾರಂಜಿ. ಈಗಿನ ಕಟ್ಟಡದ ಕೆಲಸ ಶುರುವಾದದ್ದು 1687ರಲ್ಲಿ, ಪ್ಲೇಗ್ ಕಳೆದ ಮೇಲೆ. ಆದರೆ ಪ್ಲೇಗಿನ ಕಾಲದಲ್ಲಿ ಇಲ್ಲಿನ ಒಡೆಯನಾಗಿದ್ದ ಡೆವನ್‌ಶೈರ್‌ನ ಅರ್ಲ್ ಈಮ್‌ಗೆ ಆಹಾರ, ಔಷಧಿ ಕಳಿಸುತ್ತಿದ್ದ. ಬಾಗಿಲು ಹಾಕಿಕೊಂಡ ಊರು ಬದುಕಬೇಕಾದರೆ ಹೊರಗೊಬ್ಬ ಅಕ್ಕಿ ಕಳಿಸುವವನೂ ಇರಬೇಕಲ್ಲ! ಮೊಮ್ಮಗಳಿಗೆ ಮಾತ್ರ ಅರಮನೆಗಿಂತ ಅಂಗಳದ ಕುರಿಗಳು, ದಾರಿಯಲ್ಲಿ ಬೇಕ್‌ವೆಲ್ ಪೇಟೆಯಲ್ಲಿ ತಿಂದ ಬೇಕ್‌ವೆಲ್ ಪುಡಿಂಗ್ ಹೆಚ್ಚು ಹಿಡಿಸಿದವು.

ಸಂಜೆ ನಾಲ್ಕಕ್ಕೆ ನದಿಯ ಪಕ್ಕದ ಬೆಂಚಿನಲ್ಲಿ ಕೂತು ಅತ್ತಿಗೆಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಎಂಟೂವರೆ. "ಊಟ ಆಯ್ತಾ?" ಎಂದು ಅವರೇ ಮೊದಲು ಕೇಳಿದರು. ಈಮ್‌ನ ಕತೆ ಹೇಳಿದೆ, ಕಲ್ಲಿನ ವಿಷಯ ಹೇಳಿದೆ. ಕೊನೆಗೆ, "ಅತ್ತಿಗೆ, ಅವತ್ತು ನಾನು ಬರಲಿಲ್ಲ" ಎಂದೆ.

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಬಂದಿದ್ದರೆ ಏನಾಗ್ತಿತ್ತೋ ಮಾರಾಯ. ನಿನಗೂ ಏನಾದ್ರೂ ಆಗಿದ್ದರೆ ಈಗ ನನಗೆ ಹೀಗೆ ಫೋನ್ ಮಾಡೋರು ಯಾರು?" ಎಂದರು. "ಆ ಕಲ್ಲಿನ ಫೋಟೋ ಕಳಿಸು, ನಾನೂ ನೋಡ್ತೀನಿ."

ಮೊಮ್ಮಗಳು ತೆಗೆದ ಫೋಟೋ ಕಳಿಸಿದೆ. ಆರು ಕುಳಿಗಳಲ್ಲಿ ಒಂದರಲ್ಲಿ ನಮ್ಮ ರೂಪಾಯಿ ಹೊಳೆಯುತ್ತಿತ್ತು.