ಪೂಜೆಯ ರಾತ್ರಿಗೊಂದು ಒಪ್ಪಂದ

ನಮ್ಮ ಕಡೆ ನವರಾತ್ರಿ ಎಂದರೆ ಗೊಂಬೆ ಕೂರಿಸಿ, ಸಂಜೆ ಮಕ್ಕಳಿಗೆ ಉಸಲಿ ಹಂಚಿ, ಹೊತ್ತಿಗೆ ಸರಿಯಾಗಿ ಮಲಗುವುದು. ಇಲ್ಲಿ ಬಾರಾನಗರದಲ್ಲಿ ಅದೇ ದಿನಗಳಲ್ಲಿ ಊರಿಗೆ ಊರೇ ರಾತ್ರಿಯಿಡೀ ಬೀದಿಯಲ್ಲಿರುತ್ತದೆ. ಮೆಟ್ರೋ ಕೂಡ ತಡರಾತ್ರಿಯವರೆಗೆ ಓಡುತ್ತದೆ. ಹೋದ ವರ್ಷ ಹದಿನೈದು ತುಂಬಿದ ಮಗಳು, "ಅಮ್ಮಾ, ಈ ಸಲ ಫ್ರೆಂಡ್ಸ್ ಜೊತೆ ಮಾತ್ರ" ಎಂದಳು. ಊರಿಂದ ಅತ್ತೆ ಫೋನಿನಲ್ಲೇ, "ರಾತ್ರಿ ಹೊತ್ತು ಕಳಿಸ್ತೀಯೇನೇ?" ಎಂದು ಗಾಬರಿಯಾದರು.

ಬೇಡ ಎಂದುಬಿಡುವುದು ಸುಲಭ. ಆದರೆ ಮುಂದಿನ ಸಲ ಅವಳು ಟ್ಯೂಷನ್ ಎಂದು ಹೇಳಿ ಹೋಗುತ್ತಾಳೆ. ಹಾಗಾಗಿ ಮಹಾಲಯಕ್ಕೂ ಮೊದಲೇ, ತರಕಾರಿಗೆ ಹೋಗುವ ದಾರಿಯಲ್ಲಿ ಮಾತು ತೆಗೆದೆ. ಈ ವಯಸ್ಸಿನವರು ಎದುರು ಕೂರಿಸಿದರೆ ಬಾಯಿ ಬಿಡುವುದಿಲ್ಲ, ಜೊತೆಗೆ ನಡೆದರೆ ಬಿಡುತ್ತಾರೆ. ನಿಯಮಗಳನ್ನು ಅವಳೇ ಬರೆದಳು. ಬಾಗ್‌ಬಜಾರ್, ಕುಮಾರ್‌ಟುಲಿ ಅಷ್ಟೇ. ದಕ್ಷಿಣ ಕೋಲ್ಕತ್ತಾ ಬೇಡ. 2021ರಿಂದ ನಮ್ಮ ಬಾರಾನಗರಕ್ಕೂ ಮೆಟ್ರೋ ಇರುವುದರಿಂದ ಶೋಭಾಬಜಾರ್‌ನಿಂದ ನೇರ ವಾಪಸು. ಹನ್ನೊಂದೂವರೆಗೆ ಮನೆ. ಜನಜಂಗುಳಿಯಲ್ಲಿ ಫೋನ್ ಸಿಗದಿದ್ದರೆ ಎಲ್ಲರೂ ಟಿಕೆಟ್ ಕೌಂಟರ್ ಹತ್ತಿರ ಸೇರುವುದು. ಬ್ಯಾಟರಿ ಮುಗಿದರೆ ಎಂದು ನಮ್ಮ ನಂಬರುಗಳು, 112, 1098 ಚೀಟಿಯಲ್ಲಿ ಬರೆದು ಪರ್ಸಿಗೆ ಸೇರಿದವು.

ನಾನು ಸೇರಿಸಿದ್ದು ಎರಡೇ ಮಾತು. ಕರೆದರೆ ಬರುತ್ತೇನೆ, ಆ ರಾತ್ರಿ ಯಾಕೆ ಏನು ಎಂದು ಕೇಳುವುದಿಲ್ಲ. ಕಷ್ಟವೆನಿಸಿದರೆ ಕನ್ನಡದಲ್ಲಿ ಫೋನ್ ಮಾಡು. ಬೇರೆಯವರ ಮನೆಯಲ್ಲಿ ಇದಕ್ಕೆ ಗುಪ್ತ ಸಂಕೇತ ಬೇಕು. ಪರಊರಿನಲ್ಲಿರುವ ನಮಗೆ ಮನೆಮಾತೇ ಸಾಕು! ಮನೆಯಲ್ಲಿ ಬಂಗಾಳಿಯಲ್ಲೇ ಉತ್ತರಿಸುವ ಹುಡುಗಿಗೆ ಈ ಉಪಾಯ ಬಹಳ ಹಿಡಿಸಿತು.

ಸಪ್ತಮಿಯ ರಾತ್ರಿ ಹತ್ತೂವರೆಗೆ ಫೋನ್ ಬಂತು. ದನಿಯಲ್ಲಿ ನಗು, ಮಾತು ಮಾತ್ರ ಬೇರೆ. "ಅಮ್ಮಾ, ಯಾರದೋ ಅಣ್ಣನ ಗ್ಯಾಂಗ್ ಬಂದಿದೆ. ಬೈಕಲ್ಲಿ ಕರ್ಕೊಂಡು ಹೋಗ್ತೀವಿ ಅಂತಿದ್ದಾರೆ, ನಂಗೆ ಇಷ್ಟ ಇಲ್ಲ. ಸ್ಪೀಕರ್ ಹಾಕ್ತೀನಿ, ಜೋರಾಗಿ ಬೈಯಿ." ನನ್ನ ಹರುಕುಮುರುಕು ಬಂಗಾಳಿಯಲ್ಲಿ ಅಕ್ಕಪಕ್ಕದ ಮನೆಗೂ ಕೇಳುವಂತೆ ಬೈದೆ. ಸ್ನೇಹಿತೆಯರ ಮುಂದೆ ಅವಳ ಮರ್ಯಾದೆ ಉಳಿಯಿತು, ಕೆಟ್ಟವಳು ನಾನಾದೆ. ಆ ಪಾತ್ರಕ್ಕೆ ಅಮ್ಮಂದಿರು ಯಾವಾಗಲೂ ಸಿದ್ಧವಿರಬೇಕು ಅನ್ನಿ. ನಾವು ಸ್ಟೇಷನ್ನಿಗೆ ಹೋದಾಗ ಅವಳ ಹಿಂದೆ ಇನ್ನಿಬ್ಬರು ಹುಡುಗಿಯರೂ ನಿಂತಿದ್ದರು, "ಆಂಟಿ, ನಾವೂ ಬರ್ತೀವಿ" ಎಂದು.

ಕೇಳುವುದಿಲ್ಲ ಎಂದಿದ್ದೆ, ಕೇಳಲಿಲ್ಲ. ಮೂರನೆಯ ದಿನ ಪಾತ್ರೆ ಒರೆಸುತ್ತಾ ಅವಳೇ ಎಲ್ಲ ಹೇಳಿದಳು.

ಈ ವರ್ಷ ಒಪ್ಪಂದಕ್ಕೆ ತಿದ್ದುಪಡಿ ಬೇಕಂತೆ: ಹನ್ನೆರಡೂವರೆ. ನಾನು ಹನ್ನೊಂದೂಮುಕ್ಕಾಲಿಗೆ ನಿಂತಿದ್ದೇನೆ. ಮಾತುಕತೆ ನಡೆಯುತ್ತಿದೆ.